ಹಸಿರು ಕೊಪ್ಪ, ಹಳದಿ ಶೃಂಗೇರಿ

ಅನಿತಾಳಿಗೆ ‘ಸುಮಾರು’ ಎಂಬ ಮಾತು ಕೇಳಿದರೆ ಆಗುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಅವಳು ಫೋನು ಹಿಡಿದು ಕೂತಾಗ ಅತ್ತಲಿಂದ ಯಾರೋ ತೋಟದವರು, “ಸುಮಾರು ಎರಡು ಇಂಚು ಇರ್ಬೋದು ಕಣಮ್ಮ” ಎನ್ನುತ್ತಾರೆ. ಇವಳು, “ಸುಮಾರು ಬೇಡ ಅಣ್ಣ, ಗ್ಲಾಸಲ್ಲಿ ನೋಡ್ಕಂಡು ಬನ್ನಿ. ನಾನು ಫೋನು ಇಡಲ್ಲ” ಎಂದು ಕಾಯುತ್ತಾಳೆ. ಆ ಮನುಷ್ಯ ಗೊಣಗುತ್ತಾ ಅಂಗಳಕ್ಕಿಳಿದು, ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ವಾಪಸು ಬಂದು ಹೇಳುತ್ತಾನೆ: ಒಂದು ಇಂಚು ಎಂಬತ್ತಾರು ಸೆಂಟು. ಇಂಚಿನ ನೂರನೇ ಒಂದು ಪಾಲಿಗೆ ನಮ್ಮಲ್ಲಿ ಸೆಂಟು ಎನ್ನುತ್ತಾರೆ. ಇವಳು ಬರೆದುಕೊಂಡು ಮುಂದಿನ ಮನೆಗೆ ಫೋನು ಹಚ್ಚುತ್ತಾಳೆ.

ನಾನು ಸೀತಾರಾಮ. ಕೊಪ್ಪದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಜೂನ್ ತಿಂಗಳು ಬಂತೆಂದರೆ ಎದುರಾದವರು ಊಟ ಆಯಿತೇ ಎಂದು ಕೇಳುವುದಿಲ್ಲ, ‘ನಿಮ್ಮಲ್ಲಿ ಎಷ್ಟು ಇಂಚು?’ ಎನ್ನುತ್ತಾರೆ. ತಲೆಮಾರುಗಳಿಂದ ಮನೆಮನೆಯಲ್ಲೂ ಮಳೆ ಅಳೆದು ಡೈರಿಯಲ್ಲಿ ಬರೆಯುವ ಪದ್ಧತಿ ಇದೆ. ಆ ಅಂಕಿಗಳನ್ನೆಲ್ಲ ಒಂದೆಡೆ ಸೇರಿಸಬೇಕೆಂಬ ಹುಚ್ಚು ನಿವೃತ್ತಿಯ ಮೇಲೆ ನನಗೆ ಹಿಡಿಯಿತು. ಹೀಗೆ ನಮ್ಮ ಮಳೆ ಬಳಗ ಶುರುವಾಯಿತು. ಅದರ ಏಕೈಕ ನೌಕರಳು ಅನಿತಾ.

ಅವಳು ಕೆರೆಕಟ್ಟೆಯವಳು. ಅಪ್ಪ ಹೂವಪ್ಪ, ಅಮ್ಮ ಗಿರಿಜಾ, ಇಬ್ಬರೂ ಅಲ್ಲಿಯ ಒಂದು ಎಸ್ಟೇಟಿನಲ್ಲಿ ಕೂಲಿ ಮಾಡಿದವರು. ದಿನಕ್ಕೆರಡೇ ಬಸ್ಸು ಬರುವ ಊರಿನಿಂದ ಶೃಂಗೇರಿಗೆ ಓಡಾಡಿ ಬಿ.ಎ. ಮುಗಿಸಿದ್ದಳು. ಕೆಲಸ ಕೇಳಿ ಬಂದ ದಿನ ನಾನು, “ಮಳೆ ಅಳೆಯೋದು ಗೊತ್ತಾ ನಿಂಗೆ?” ಎಂದು ಗತ್ತಿನಿಂದ ಕೇಳಿದ್ದೆ. “ನಮ್ಮಪ್ಪ ಮೂವತ್ಮೂರು ವರ್ಷ ಅಳ್ದಿದಾರೆ ಸಾರ್” ಎಂದಳು. ಎಸ್ಟೇಟಿನ ಮಳೆಮಾಪಕದ ಕೆಲಸ ಹೂವಪ್ಪನದಾಗಿತ್ತಂತೆ. ಅವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಅಳೆದು, ಪುಸ್ತಕದಲ್ಲಿ ತಾರೀಖು ಮತ್ತು ಇಂಚು ಬರೆದು, ಆಮೇಲೆ ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದ. ಜ್ವರ ಬಂದ ದಿನವೂ ಬಿಟ್ಟಿಲ್ಲವಂತೆ.

ಬಳಗಕ್ಕೆ ಮೂರು ಊರಿನಲ್ಲಿ ಮೂರು ಕೋಣೆ. ಕೊಪ್ಪದ್ದು ನನ್ನ ಉಸ್ತುವಾರಿ. ಶೃಂಗೇರಿಯದ್ದನ್ನು ಲಾಡ್ಜೊಂದರಲ್ಲಿ ಮ್ಯಾನೇಜರ್ ಆಗಿರುವ ನನ್ನ ಗೆಳೆಯ ಸುಬ್ಬರಾಯ ನೋಡಿಕೊಳ್ಳುತ್ತಾನೆ. ನರಸಿಂಹರಾಜಪುರದ್ದು ಪ್ರಕಾಶ ಎಂಬ ಟ್ಯೂಷನ್ ಮೇಷ್ಟರ ಮನೆಯ ಮುಂದಿನ ಕೋಣೆ. ಮುಚ್ಚಿಹೋದ ಕಾಲೇಜೊಂದರಿಂದ ಬಂದ ಮೂರು ಹಳೆಯ ಕಂಪ್ಯೂಟರುಗಳನ್ನು ಮೂರು ಕಡೆ ಇಟ್ಟೆವು. ಮೂರೂ ಒಂದೇ ಕಂಪನಿ, ಒಂದೇ ಕಪ್ಪು ಬಣ್ಣ, ಪಕ್ಕಪಕ್ಕ ಇಟ್ಟರೆ ತಂದವನಿಗೂ ಗುರುತು ಸಿಗುವುದಿಲ್ಲ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ತಂಗಿಯ ಮಗ ಅಭಿಷೇಕ ಬಂದು ಅವುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಟ್ಟ. ಹಳೆಯ ಯಂತ್ರಗಳಾದ್ದರಿಂದ ಚಿತ್ರ, ಕಿಟಕಿ, ಮೌಸು ಏನೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಒಂದು ಸಾಲು. ಆ ಸಾಲಿನಲ್ಲಿ ‘ಮಳೆ’ ಎಂದು ಇಂಗ್ಲಿಷಿನಲ್ಲಿ ಬಳಕೆದಾರನ ಹೆಸರು, ಯಂತ್ರದ ಹೆಸರು, ಕೊನೆಗೊಂದು ಡಾಲರ್ ಚಿಹ್ನೆ. ಅದರ ಮುಂದೆ ಮಿಣುಕುವ ಒಂದು ಚೌಕ. ಇದೇನು ಎಂದು ಕೇಳಿದರೆ ಅಭಿಷೇಕ, “ಇದಕ್ಕೆ ಪ್ರಾಂಪ್ಟ್ ಅಂತಾರೆ ಮಾವ. ನಾನು ತಯಾರಾಗಿದೀನಿ, ಏನು ಮಾಡ್ಲಿ ಹೇಳಿ ಅಂತ ಅದು ಕಾಯ್ತಾ ಇದೆ” ಎಂದ. ನಾನು ಏನು ಹೇಳಲಿ? ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅರ್ಧ ಗಂಟೆ ಕಳೆದ ಮೇಲೆ ಎದ್ದು ಕಾಫಿ ಕುಡಿಯಲು ಹೋದೆ.

ಅನಿತಾ ಮಾತ್ರ ಹೆದರಲಿಲ್ಲ. ಅಭಿಷೇಕ ಹೇಳಿದ್ದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದುಕೊಂಡಳು. ಆರು ತಿಂಗಳಲ್ಲಿ ಅವಳು ಕೊಪ್ಪದ ಕುರ್ಚಿಯಲ್ಲೇ ಕೂತು, ಇಂಟರ್ನೆಟ್ ಲೈನಿನ ಮೂಲಕ ಶೃಂಗೇರಿಯ ಯಂತ್ರದ ಒಳಹೊಕ್ಕು ಕೆಲಸ ಮಾಡಿ, ಅಲ್ಲಿಂದ ಹೊರಬಂದು, ನರಸಿಂಹರಾಜಪುರದ ಯಂತ್ರದೊಳಗೆ ಹೋಗುತ್ತಿದ್ದಳು. ಪರದೆಯಲ್ಲಿ ಮಾತ್ರ ನನಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. “ಈಗ ನೀನು ಎಲ್ಲಿದೀಯ?” ಎಂದು ನಾನು ಆಗಾಗ ಕೇಳುತ್ತಿದ್ದೆ. “ಶೃಂಗೇರಿಲಿ ಸಾರ್” ಎನ್ನುತ್ತಿದ್ದಳು, ನನ್ನೆದುರು ಒಂದೂವರೆ ಮಾರು ದೂರದಲ್ಲಿ ಕೂತು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ದಿನ ಅವಳಿಗೂ ಹಿಡಿಯಿತು. ಅಭಿಷೇಕ ಸೋಮಾರಿತನದಿಂದ ಮೂರು ಯಂತ್ರಕ್ಕೂ ಒಂದೇ ಹೆಸರು ಬಿಟ್ಟಿದ್ದ. ಹಾಗಾಗಿ ಮೂರೂ ಕಡೆ ಅದೇ ಸಾಲು, ಅದೇ ಡಾಲರ್. ಜುಲೈ ತಿಂಗಳ ಒಂದು ಬೆಳಿಗ್ಗೆ ಶೃಂಗೇರಿ ಕಡೆಯ ಮಳೆಯೆಲ್ಲ ನರಸಿಂಹರಾಜಪುರದ ಪಟ್ಟಿಗೆ ಹೋಯಿತು. ನಾನದನ್ನು ನೋಡದೆ ವಾಟ್ಸಾಪಿನಲ್ಲಿ ಹಾಕಿಬಿಟ್ಟೆ. ಮಳೆ ಕಡಿಮೆ ಬೀಳುವ, ಹಿನ್ನೀರಿನ ಕಡೆಯ ಆ ಊರಿಗೆ ಒಂದೇ ದಿನ ಏಳು ಇಂಚು! ಪ್ರಕಾಶ ಫೋನು ಮಾಡಿ, “ಎಂತ ಮಾರಾಯ್ರೆ, ನಮ್ಮನ್ನು ಮುಳುಗಿಸಿಬಿಟ್ರಲ್ಲ. ಇಲ್ಲಿ ಬಟ್ಟೆ ಒಣಗ್ತಾ ಇದೆ” ಎಂದು ನಕ್ಕ. ಅನಿತಾ ನಗಲಿಲ್ಲ. ಆ ಮಧ್ಯಾಹ್ನವೆಲ್ಲ ಮುಖ ಸಣ್ಣದು ಮಾಡಿಕೊಂಡು ಕೂತಿದ್ದವಳು ಸಂಜೆಗೆ, “ಸಾರ್, ಆ ಡಾಲರ್ ಸಾಲನ್ನೇ ಬದಲಾಯಿಸ್ತೀನಿ. ಯಾವ ಊರಲ್ಲಿದೀನಿ ಅಂತ ಅದೇ ಹೇಳ್ಬೇಕು” ಎಂದಳು.

ಹಾಗೆ ಬದಲಾಯಿಸಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಒಳಗೊಂದು ಅಡಗಿದ ಕಡತವಿದೆಯಂತೆ, ಅದರ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ. ಅದರಲ್ಲಿ ಒಂದು ಕಡೆ ಪ್ರಾಂಪ್ಟ್ ಹೇಗಿರಬೇಕೆಂದು ಬರೆದಿರುತ್ತದೆ. ಅಲ್ಲಿ ಏನು ಬರೆದರೆ ಪರದೆಯಲ್ಲಿ ಅದೇ ಬರುತ್ತದೆ. ಅವಳು ಮೊದಲು ಶೃಂಗೇರಿ ಎಂದು ಕನ್ನಡದಲ್ಲೇ ಬರೆದಳು. ಆ ಕಪ್ಪು ಪರದೆಗೆ ನಮ್ಮ ಗುಣಿತಾಕ್ಷರದ ಅಗಲ ತಿಳಿಯದು. ಸುಳಿಗಳು ಒಂದು ಕಡೆ, ಸೊನ್ನೆ ಇನ್ನೊಂದು ಕಡೆ, ಮಿಣುಕುವ ಚೌಕ ಎರಡು ಮನೆ ಆಚೆ. ಒತ್ತಿದ ಅಕ್ಷರ ಎಲ್ಲೋ ಬೀಳುತ್ತಿತ್ತು. ಅದನ್ನು ಬಿಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು.

ಆಮೇಲೆ ಬಣ್ಣ ಹಾಕಲು ಹೊರಟಳು. ಕೊಪ್ಪಕ್ಕೆ ಹಸಿರು, ಶೃಂಗೇರಿಗೆ ಹಳದಿ, ನರಸಿಂಹರಾಜಪುರಕ್ಕೆ ಕೆಂಪು. ಮೊದಲ ಸಲ ಬಣ್ಣ ಶುರುಮಾಡಿದ್ದನ್ನು ನಿಲ್ಲಿಸಲು ಮರೆತಳು. ಊರಿನ ಹೆಸರು ಮಾತ್ರವಲ್ಲ, ಮಳೆ, ತಾರೀಖು, ಇಡೀ ಪರದೆ ಹಳದಿಯಾಗಿ ಕಾಮಾಲೆ ಹಿಡಿದವರ ಹಾಗೆ ಕೂತಿತು. ಅದನ್ನು ಸರಿಮಾಡಿದರೆ ಇನ್ನೊಂದು ಫಜೀತಿ. ಉದ್ದದ ಆಜ್ಞೆ ಬರೆದಾಗ ಸಾಲಿನ ತುದಿ ಕೆಳಗಿಳಿಯದೆ ಹಿಂದಕ್ಕೆ ಬಂದು ಮೊದಲಿನ ಅಕ್ಷರಗಳ ಮೇಲೇ ಹತ್ತಿ ಕೂರುತ್ತಿತ್ತು. ಏನು ಬರೆದಿದ್ದೇವೆ ಎಂಬುದೇ ಓದಲಾಗದು. ನಾನಂತೂ ಕಂಪ್ಯೂಟರಿಗೆ ಬುದ್ಧಿಭ್ರಮಣೆ ಆಯಿತು ಎಂದು ತೀರ್ಮಾನಿಸಿದೆ.

ಅಭಿಷೇಕನಿಗೆ ಫೋನು ಹೋಯಿತು. ಬಣ್ಣದ ಗುರುತುಗಳನ್ನು ಒಂದು ಬಗೆಯ ಆವರಣದೊಳಗೆ ಇಡಬೇಕು, ಇಲ್ಲದಿದ್ದರೆ ಯಂತ್ರ ಅವನ್ನೂ ಅಕ್ಷರವೆಂದೇ ಎಣಿಸಿ ಸಾಲಿನ ಉದ್ದ ತಪ್ಪು ಲೆಕ್ಕ ಹಾಕುತ್ತದೆ ಎಂದ. ನನಗೆ ತಲೆಬುಡ ಅರ್ಥವಾಗಲಿಲ್ಲ. ಅನಿತಾಳಿಗೆ ತಟ್ಟನೆ ಅರ್ಥವಾಯಿತು. “ಮಾಪಕದ ಹೊರಗಡೆ ಹತ್ತಿರೋ ನೀರನ್ನೂ ಗ್ಲಾಸಿಗೆ ಬಗ್ಗಿಸಿದ ಹಾಗೆ ಸಾರ್. ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ” ಎಂದು ನನಗೇ ಪಾಠ ಹೇಳಿದಳು. ಅಭಿಷೇಕ ಇನ್ನೊಂದು ಮಾತನ್ನೂ ಹೇಳಿದ್ದ: ಊರಿನ ಹೆಸರನ್ನು ಕೈಯಿಂದ ಬರೆಯಬೇಡಿ, ಯಂತ್ರಗಳಿಗೆ ಬೇರೆ ಬೇರೆ ಹೆಸರಿಟ್ಟು, ಅದನ್ನೇ ಹೇಳುವಂತೆ ಮಾಡಿ ಎಂದು. ಅದಕ್ಕೆ ನಾನೇ ಅಡ್ಡ ಬಂದೆ. “ಊರ ಹೆಸರು ಇರುವಾಗ ಪೆಟ್ಟಿಗೆಗೆ ಬೇರೆ ನಾಮಕರಣ ಎಂತಕ್ಕೆ? ಕೊಪ್ಪದಲ್ಲಿರೋದು ಕೊಪ್ಪ” ಎಂದು ಗದರಿದೆ. ನಮ್ಮ ಕಡೆ ಮನುಷ್ಯರನ್ನೇ ಊರಿನ ಹೆಸರು ಹಿಡಿದು ಕರೆಯುತ್ತೇವೆ, ಪೆಟ್ಟಿಗೆಯದೇನು ದೊಡ್ಡಸ್ತಿಕೆ?

ಅಂತೂ ಬಣ್ಣದ ಊರುಗಳು ಬಂದವು. ಮೂರರಲ್ಲೂ ಉಳಿದದ್ದೆಲ್ಲ ಒಂದೇ ಥರ, ಹೆಸರು ಮತ್ತು ಬಣ್ಣ ಮಾತ್ರ ಬೇರೆ. ಅದಾದ ಮೇಲೆ ಒಂದು ವರ್ಷ ಒಂದು ಸೆಂಟೂ ತಪ್ಪಲಿಲ್ಲ. ಈಗ ನೀನೆಲ್ಲಿದೀಯ ಎಂದು ಕೇಳುವ ಅಗತ್ಯವೂ ನನಗಿರಲಿಲ್ಲ. ಬಾಗಿಲಿನಿಂದ ನೋಡಿದರೆ ಹಳದಿ ಕಾಣುತ್ತಿತ್ತು, ಹುಡುಗಿ ಶೃಂಗೇರಿಯಲ್ಲಿದ್ದಾಳೆ ಎಂದು ತಿಳಿಯುತ್ತಿತ್ತು.

ಆ ವರ್ಷವೇ ಅವಳು ಅಪ್ಪನ ಪುಸ್ತಕಗಳಿಗೆ ಕೈಹಾಕಿದ್ದು. ಎಸ್ಟೇಟಿನ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಮೂಕಾಂಬಿಕಮ್ಮ ಮೂವತ್ಮೂರು ಪುಸ್ತಕಗಳನ್ನು ಒಂದೊಂದಾಗಿ ಕೊಡಲು ಒಪ್ಪಿದರು. ಶನಿವಾರ ಊರಿಗೆ ಹೋಗುವಾಗ ಶೃಂಗೇರಿಯಲ್ಲಿ ಕೆರೆಕಟ್ಟೆ ಬಸ್ಸಿಗೆ ಎರಡು ಗಂಟೆ ಕಾಯಬೇಕು. ಆ ಎರಡು ಗಂಟೆ ಸುಬ್ಬರಾಯನ ಕೋಣೆಯಲ್ಲಿ ಕೂತು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿ ಹೊಡೆಯುತ್ತಿದ್ದಳು. ಒಂದು ಪುಸ್ತಕ ಮುಗಿದರೆ ವಾಪಸು ಕೊಟ್ಟು ಇನ್ನೊಂದು ತರುತ್ತಿದ್ದಳು. ೧೯೮೪ರಿಂದ ೧೯೯೮ರವರೆಗಿನದು ಮುಗಿದಾಗ ಅದರ ಒಂದು ಪ್ರತಿಯನ್ನು ಕೊಪ್ಪಕ್ಕೂ ತಂದಿಟ್ಟಳು. ಮುಂದಿನ ಹದಿನೆಂಟು ವರ್ಷದ್ದು ಶೃಂಗೇರಿಯಲ್ಲಿ ಮಾತ್ರ ಇತ್ತು. ದಿನದ ಮಳೆಪಟ್ಟಿಗಳು ಮೂರೂ ಕಡೆ ತಾವಾಗಿ ನಕಲಾಗುತ್ತಿದ್ದವು. ಇದು ಅವಳ ಸ್ವಂತ ಕೆಲಸ, ಅದರಲ್ಲಿ ಸೇರಿರಲಿಲ್ಲ.

ಡಿಸೆಂಬರಿನಲ್ಲಿ ಶೃಂಗೇರಿಯಲ್ಲಿ ಬಳಗ ಅಚ್ಚು ಹಾಕಿಸುವ ಮಳೆಲೆಕ್ಕದ ಪುಸ್ತಕ ಬಿಡುಗಡೆ ಮಾಡುವುದೆಂದು ನಿಶ್ಚಯವಾಯಿತು. ಅದರ ಮೊದಲ ಅಧ್ಯಾಯ, ‘ಕೆರೆಕಟ್ಟೆಯ ಮೂವತ್ತಮೂರು ಮಳೆಗಾಲ: ಅಳೆದವರು ಹೂವಪ್ಪ.’ ಇದನ್ನು ಕೇಳಿದ ದಿನದಿಂದ ಎಪ್ಪತ್ತಮೂರರ ಆ ಮುದುಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ. ಬಿಳಿ ಅಂಗಿ ಹೊಲಿಸಲು ಬಟ್ಟೆ ತಂದಿದ್ದಾನೆ ಎಂದು ಅನಿತಾ ನಾಚುತ್ತಾ ಹೇಳಿದಳು. ಇಷ್ಟರಲ್ಲಿ ಅಲ್ಲಿ ಎಸ್ಟೇಟಿನ ಮನೆಯಲ್ಲಿ ಮೂಕಾಂಬಿಕಮ್ಮ, “ಎಲ್ಲ ಕಂಪ್ಯೂಟರಿಗೆ ಹೋತಲ್ಲ, ಇನ್ನು ಎಂತಕ್ಕೆ” ಎಂದು ಹಳೆಯ ಪುಸ್ತಕಗಳನ್ನು ಬಚ್ಚಲ ಒಲೆ ಹೊತ್ತಿಸಲು ಬಳಸಿಬಿಟ್ಟಿದ್ದರು. ತಪ್ಪೆಂದು ಯಾರು ಹೇಳುತ್ತಾರೆ? ನಮ್ಮಲ್ಲಿ ಹಳೆಯ ಕಾಗದದ ಗತಿಯೇ ಅದು.

ಸೆಪ್ಟೆಂಬರ್ ಕೊನೆಯಲ್ಲಿ ಅನಿತಾ ತಂಗಿ ರೇಖಾಳ ಹೆರಿಗೆಗೆಂದು ಹತ್ತು ದಿನ ರಜೆ ಹೋದಳು. ಅವಳು ಹೋದ ಮೂರನೇ ದಿನ ಸಿಡಿಲು ಹೊಡೆದು ಕೊಪ್ಪದ ಯಂತ್ರ ಸತ್ತಿತು. ನಮ್ಮಲ್ಲಿ ಏನು ಕೆಟ್ಟರೂ ಒಂದೇ ದಾರಿ: ಬಸ್ಸಿಗೆ ಹಾಕುವುದು. ಔಷಧಿ, ಬಾಳೆಗೊನೆ, ಮದುವೆ ಪತ್ರಿಕೆ, ಎಲ್ಲವೂ ಕಂಡಕ್ಟರ ಕೈಯಲ್ಲೇ ಹೋಗುವುದು. ಸತ್ತ ಸಿಪಿಯುವನ್ನು ಗೋಣಿಯಲ್ಲಿ ಸುತ್ತಿ ಶೃಂಗೇರಿ ಬಸ್ಸಿಗೆ ಹಾಕಿದೆ. ಅಲ್ಲಿಯ ರಿಪೇರಿಯವನು ವಿಘ್ನೇಶ ಕೈಚಳಕದವನು. ಕೊಪ್ಪದಲ್ಲಿ ಕೆಲಸ ನಿಲ್ಲಬಾರದೆಂದು ಸುಬ್ಬರಾಯ ತನ್ನ ಕೋಣೆಯ ಸಿಪಿಯುವನ್ನು ಅದೇ ಬಸ್ಸಿನಲ್ಲಿ ನನಗೆ ಕಳಿಸಿದ. ಎರಡು ದಿನದಲ್ಲಿ ರಿಪೇರಿಯಾದ ಕೊಪ್ಪದ ಯಂತ್ರ ಶೃಂಗೇರಿಯ ಕೋಣೆಯಲ್ಲಿ ಕೂತಿತು. “ಇನ್ನೆಂತಕ್ಕೆ ವಾಪಸ್ಸು ಹೊರೋದು ಮಾರಾಯ, ಎರಡೂ ಒಂದೇ ಅಲ್ವಾ” ಎಂದ ಸುಬ್ಬರಾಯ. ನಾನೂ ಅಲ್ವಾ ಎಂದೆ.

ಆದರೆ ನನ್ನೆದುರಿನ ಪರದೆಯಲ್ಲಿ ಹಳದಿ ಶೃಂಗೇರಿ ಎಂದಿತ್ತು. ಕೂತಿರುವುದು ಕೊಪ್ಪದಲ್ಲಿ, ಹೇಳುವುದು ಶೃಂಗೇರಿ. ಮೂವತ್ತೊಂದು ವರ್ಷ ತಪ್ಪು ತಿದ್ದಿದ ಕೈ ಸುಮ್ಮನಿರುತ್ತದೆಯೇ? ಅನಿತಾಳ ನೋಟುಬುಕ್ಕು ಮೇಜಿನ ಮೇಲಿತ್ತು. ಅವಳು ಬರೆದಿಟ್ಟ ಹೆಜ್ಜೆಗಳನ್ನು ಓದುತ್ತಾ ಒಂದೊಂದೇ ಕೀಲಿ ಒತ್ತಿದೆ. ಚುಕ್ಕೆಯ ಕಡತ ತೆರೆಯಿತು. ಶೃಂಗೇರಿ ಅಳಿಸಿ ಕೊಪ್ಪ ಎಂದು ಬರೆದೆ. ಬಣ್ಣದ ಸಂಖ್ಯೆಯನ್ನೂ ಬದಲಿಸಿದೆ. ಹಸಿರು ಕೊಪ್ಪ ಬಂತು! ನನಗಾದ ಹೆಮ್ಮೆ ಹೇಳಲಾರೆ. ಅದೇ ಹುಮ್ಮಸ್ಸಿನಲ್ಲಿ ಲೈನಿನ ಮೂಲಕ ಶೃಂಗೇರಿಯ ಕೋಣೆಯೊಳಗೂ ನುಗ್ಗಿದೆ. ಒಳಗೆ ಬಿಡುವ ಮೊದಲು ಅದು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು, ಈ ಯಂತ್ರದ ಗುರುತು ನನಗಿಲ್ಲ, ಹೌದಾ ಅಲ್ಲವಾ ಹೇಳು ಎಂಬ ಅರ್ಥದ್ದು. ನಮ್ಮಲ್ಲಿ ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಹೌದು ಎಂದು ಒತ್ತಿದೆ. ಅಲ್ಲಿಯೂ ಕೊಪ್ಪ ಅಳಿಸಿ ಹಳದಿ ಶೃಂಗೇರಿ ಮಾಡಿದೆ. ಎರಡೂ ಊರು ತಮ್ಮ ತಮ್ಮ ಜಾಗಕ್ಕೆ ಬಂದವೆಂದು ಸಮಾಧಾನವಾಯಿತು. ಇದನ್ನು ಅನಿತಾಳಿಗೆ ಹೇಳಬೇಕೆಂದು ಅನ್ನಿಸಿತ್ತು. ಅವಳು ಬರುವ ಹೊತ್ತಿಗೆ ಮರೆತೆ.

ಸೋಮವಾರ ಅನಿತಾ ಬಂದಳು. ತಂಗಿಗೆ ಗಂಡುಮಗು ಎಂದು ಸಕ್ಕರೆ ಕೊಟ್ಟಳು. ಪುಸ್ತಕದ ಅಚ್ಚಿಗೆ ಹೂವಪ್ಪನ ಪೂರ್ತಿ ಅಂಕಿಗಳನ್ನು ಕೊಪ್ಪಕ್ಕೆ ತರಬೇಕಿತ್ತು. ಮೊದಲು ಕೊಪ್ಪದಲ್ಲಿರುವ ಹಳೆಯ ಅರ್ಧ ಪ್ರತಿಯನ್ನು ತೆಗೆದುಬಿಡುವುದು, ಆಮೇಲೆ ಶೃಂಗೇರಿಯಿಂದ ಪೂರ್ತಿಯದನ್ನು ತುಂಬುವುದು. ಬೇರೆ ಯಾರಾದರೂ ಮೊದಲು ತಂದು, ನೋಡಿ, ಆಮೇಲೆ ಹಳೆಯದನ್ನು ಅಳಿಸುತ್ತಿದ್ದರೇನೋ. ಆದರೆ ಮಳೆ ಅಳೆಯುವವರ ಮನೆಯಲ್ಲಿ ಬೆಳೆದವಳಿಗೆ ಅದು ಒಗ್ಗದು. ಪಾತ್ರೆಯಲ್ಲಿ ನಿನ್ನೆಯ ನೀರು ಒಂದು ತೊಟ್ಟು ಉಳಿದರೂ ಇಂದಿನ ಅಳತೆ ಕೆಟ್ಟಿತು ಎಂದು ಅಪ್ಪ ಕಲಿಸಿದ್ದ. ಮೊದಲು ಚೆಲ್ಲು, ಒರೆಸು, ಆಮೇಲೆ ಇಡು.

ಅವಳು ಪರದೆ ನೋಡಿದಳು. ಹಸಿರು ಅಕ್ಷರದಲ್ಲಿ ಕೊಪ್ಪ. ಆಜ್ಞೆ ಬರೆದು, ಇನ್ನೊಮ್ಮೆ ಪ್ರಾಂಪ್ಟ್ ನೋಡಿ, ಎಂಟರ್ ಒತ್ತಿದಳು. ಇಂಥ ವಿಷಯದಲ್ಲಿ ಮಾತ್ರ ಆ ಯಂತ್ರ ಹೌದಾ ಅಲ್ಲವಾ ಕೇಳುವುದಿಲ್ಲ. ಮತ್ತೆ ಡಾಲರ್ ಬಂತು. ಆಮೇಲೆ ಶೃಂಗೇರಿಯೊಳಗೆ ಹೋಗಿ ನೋಡಿದರೆ ಅಲ್ಲಿ ೧೯೯೮ರವರೆಗಿನದು ಮಾತ್ರ ಇತ್ತು.

“ಸಾರ್, ಶೃಂಗೇರಿಲಿ ಅರ್ಧನೇ ಇದೆ” ಎಂದಳು.

“ಸರಿಯಾಗಿ ನೋಡು.”

“ನೋಡ್ದೆ ಸಾರ್. ಹದಿನೆಂಟು ವರ್ಷದ್ದು ಇಲ್ಲ.” ಮತ್ತೆ ಕೊಪ್ಪ, ಮತ್ತೆ ಶೃಂಗೇರಿ, ಹಸಿರು, ಹಳದಿ, ಹಸಿರು, ಹಳದಿ. “ನಾನು ಕೊಪ್ಪದಲ್ಲೇ ಅಳ್ಸಿದ್ದು ಸಾರ್. ಹಸಿರೇ ಇತ್ತು. ಎರಡು ಸಲ ನೋಡಿದೀನಿ.”

ಹಸಿರು ಎಂಬ ಮಾತಿಗೆ ನನಗೆ ಏನೋ ನೆನಪಾದಂತಾಯಿತು. ಅದೇನೆಂದು ನೋಡಲು ನಾನು ಹೋಗಲಿಲ್ಲ. ಬದಲಿಗೆ ಕೂಗಾಡಿದೆ. “ಕಣ್ಣು ನೆಟ್ಟಗಿದ್ರೆ ಹಿಂಗಾಗ್ತಿತ್ತಾ? ಬಾಣಂತನದ ನಿದ್ದೆಗಣ್ಣಲ್ಲಿ ಬಂದು ಕೂತಿದೀಯ. ನಿಮ್ಮಪ್ಪನ ಜೀವಮಾನದ ಕೆಲಸ ಅದು, ಗೊತ್ತುಂಟಾ?” ಅವಳು ನೋಟುಬುಕ್ಕು ತೆಗೆದು ತಾನೇನು ಒತ್ತಿದೆ ಎಂದು ಹೆಜ್ಜೆಹೆಜ್ಜೆಯಾಗಿ ಹುಡುಕುತ್ತಾ ಕೂತಳು. ಕಣ್ಣೀರು ಪುಟದ ಮೇಲೆ ಬೀಳದಂತೆ ಪುಸ್ತಕವನ್ನು ಪಕ್ಕಕ್ಕೆ ಸರಿಸಿಕೊಂಡಿದ್ದಳು.

ಎರಡು ದಿನದ ಮೇಲೆ ಅಭಿಷೇಕ ಬಂದು ಯಂತ್ರದ ಹೊಟ್ಟೆ ಬಗೆದ. ಅನಿತಾ ಊಟಕ್ಕೆ ಹೋಗಿದ್ದಳು. “ಮಾವ, ಇದು ಶೃಂಗೇರಿಯ ಯಂತ್ರ. ಇಲ್ಲಿ ಹೇಗೆ ಬಂತು?” ಎಂದ. ಬಸ್ಸಿನ ಕಥೆ ಹೇಳಿದೆ. “ಹೆಸರು ಬದಲಾಯಿಸಿದ್ದು ಯಾರು?” “ನಾನೇ” ಎಂದೆ. ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ನಾನು ಇನ್ನೂ ವಾದ ಮಾಡಿದೆ, ಕೊಪ್ಪದಲ್ಲಿರುವುದನ್ನು ಕೊಪ್ಪ ಎಂದರೆ ಹೇಗೆ ತಪ್ಪು ಎಂದು. ಅವನು ತಾಳ್ಮೆಯಿಂದ ಹೇಳಿದ: “ಯಂತ್ರ ಯಾವ ಊರಲ್ಲಿ ಕೂತಿದೆ ಅಂತ ಅವಳಿಗೆ ಬೇಕಾಗಿರ್ಲಿಲ್ಲ ಮಾವ. ಇದು ಯಾವ ಯಂತ್ರ ಅಂತ ಬೇಕಾಗಿತ್ತು. ಬೋರ್ಡು ನಂಬಿ ಅವಳು ಅಳಿಸಿದಾಳೆ. ಬೋರ್ಡು ತಿರುಗಿಸಿದ್ದು ನೀವು.” ಅಳಿಸಿದ್ದರಲ್ಲಿ ಅವನಿಗೆ ಸಿಕ್ಕಿದ್ದು ಒಂದಿಷ್ಟು ಅಂಕಿಗಳ ಚೂರು. ಯಾವ ವರ್ಷದ್ದು, ಯಾವ ತಿಂಗಳದ್ದು ಎಂಬ ಗುರುತು ಅದರಲ್ಲಿ ಇರಲಿಲ್ಲ.

“ಅವಳಿಗೆ ನಾನೇ ಹೇಳ್ತೀನಿ” ಎಂದು ಅಭಿಷೇಕನ ಬಾಯಿ ಮುಚ್ಚಿಸಿದೆ. ಹೇಳಲಿಲ್ಲ. ಮೊದಲ ವಾರ ಪುರುಸೊತ್ತಿರಲಿಲ್ಲ ಎಂದುಕೊಂಡೆ. ಎರಡನೆಯ ವಾರ, ಹೇಳಿದರೆ ಹೋದದ್ದು ಬರುತ್ತದೆಯೇ ಎಂದುಕೊಂಡೆ. ಹೀಗೆ ಮೂರು ವಾರವಾಯಿತು. ಆ ಮೂರು ವಾರ ಅನಿತಾ ಬೇರೆಯೇ ಮನುಷ್ಯಳಾಗಿದ್ದಳು. ಒಂದೇ ಮನೆಗೆ ಎರಡೆರಡು ಸಲ ಫೋನು ಮಾಡಿ ಅದೇ ಅಂಕಿ ಕೇಳುವಳು. ಎಂಟರ್ ಒತ್ತುವ ಮೊದಲು ತುಟಿ ಅಲ್ಲಾಡಿಸುತ್ತಾ ಮೂರು ಸಲ ಓದುವಳು. ಬಣ್ಣಗಳನ್ನೆಲ್ಲ ತೆಗೆದು ಹಳೆಯ ಬೋಳು ಡಾಲರನ್ನೇ ಹಾಕಿದಳು. “ನನ್ನ ಕಣ್ಣಿನ ಮೇಲೆ ನಂಗೆ ನಂಬಿಕೆ ಇಲ್ಲ ಸಾರ್. ಬಣ್ಣ ಇದ್ರೆಷ್ಟು ಬಿಟ್ರೆಷ್ಟು” ಎಂದಳು. ಅಕ್ಟೋಬರ್ ಕೊನೆಯ ಶುಕ್ರವಾರ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ತನ್ನ ಅಜಾಗರೂಕತೆಯಿಂದ ಬಳಗಕ್ಕೆ ನಷ್ಟವಾಗಿರುವುದರಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದಿದ್ದಳು. ಅಕ್ಷರ ಮುತ್ತಿನಂತಿತ್ತು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಕೆರೆಕಟ್ಟೆಗೆ ಹೋದೆ. ಹೂವಪ್ಪ ಅಂಗಳದಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದ. ಅನಿತಾ ಒಳಗಿನಿಂದ ಕುರ್ಚಿ ತಂದಿಟ್ಟಳು. ಅಪ್ಪ ಮಗಳು ಪರಸ್ಪರ ಮುಖ ನೋಡುತ್ತಿರಲಿಲ್ಲ. ತಾನೇ ಅಳಿಸಿದೆ ಎಂದು ಅವಳು ಹೇಳಿಕೊಂಡ ದಿನದಿಂದ ಅವನು ಅವಳೊಂದಿಗೆ ಮಾತು ಬಿಟ್ಟಿದ್ದಾನೆ ಎಂದು ನನಗೆ ಅಲ್ಲಿಗೆ ಹೋದಾಗಲೇ ತಿಳಿದದ್ದು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಸಿಡಿಲು, ಬಸ್ಸು, ಅದಲುಬದಲು, ನನ್ನ ತಿದ್ದುವ ಚಪಲ. ಹೇಳುತ್ತಾ ಹೇಳುತ್ತಾ ನನಗೇ ಯಾವುದು ಎಲ್ಲಿತ್ತೆಂದು ಗಲಿಬಿಲಿಯಾಗಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಹೂವಪ್ಪ ಕಡ್ಡಿಗಳನ್ನು ಕೆಳಗಿಟ್ಟ. “ಅಂದ್ರೆ ಮೇಷ್ಟ್ರೆ, ಪೆಟ್ಟಿಗೆ ಅದೇ. ಹೆಸ್ರು ಬೇರೆ.”

“ಹೌದು.”

“ಹೆಸ್ರು ಬರ್ದಿದ್ದು ನೀವು.”

“ಹೌದು.”

“ಇವ್ಳಿಗೆ ಹೇಳ್ಲಿಲ್ಲ.”

“ಇಲ್ಲ ಹೂವಪ್ಪ.”

ಅವನು ಕೆಳಗಿಟ್ಟ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿದ. ಬೈದರೆ ಸಾಕು ಎನ್ನಿಸಿತು ನನಗೆ. ಕೊನೆಗೆ ಅವನು ನಿಧಾನವಾಗಿ, ಸಿಟ್ಟೇ ಇಲ್ಲದ ಸ್ವರದಲ್ಲಿ ಹೇಳಿದ: “ಮೂವತ್ಮೂರು ವರ್ಷ ಆ ಪುಸ್ತಕದ ಮೇಲೆ ಎಸ್ಟೇಟಿನ ಅಯ್ಯನ ಹೆಸ್ರೇ ಇತ್ತು. ಒಂದ್ಸಲ ಅಂಕಿ ತಪ್ಪಿತ್ತು. ಅವತ್ತು ಮಾತ್ರ ನನ್ ಹೆಸ್ರು ಹೇಳಿದ್ರು, ಇದು ಹೂವಪ್ಪನ ಕೆಲ್ಸ ಅಂತ.” ಮತ್ತೆ ಮಗಳ ಕಡೆ ತಿರುಗಿ, ಮೂರು ವಾರದಲ್ಲಿ ಮೊದಲ ಸಲ, “ಬಾ ಇಲ್ಲಿ, ಕೂತ್ಕ” ಎಂದ.

ಅವಳು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಿತ್ತು. ಎಲ್ಲ ಹೆಜ್ಜೆಗಳನ್ನೂ ಮತ್ತೆ ಎಣಿಸುತ್ತಿರುವವಳಂತೆ ಕಂಡಳು.

“ಸಾರ್, ಅವತ್ತು ನಂಗೆ ಬೈದ್ರಲ್ಲ, ಕಣ್ಣು ನೆಟ್ಟಗಿಲ್ಲ ಅಂತ. ಆಗ ನಿಮ್ಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. ಅಭಿಷೇಕ ಹೇಳುವವರೆಗೂ ನನಗೆ ಅರ್ಥವಾಗಿರಲಿಲ್ಲ ಎಂಬುದು ಸುಳ್ಳೇನೂ ಅಲ್ಲ. ಆದರೆ ಹಸಿರೇ ಇತ್ತು ಎಂದು ಅವಳು ಹೇಳಿದ ಆ ಕ್ಷಣ, ಆ ಹಸಿರನ್ನು ಬರೆದದ್ದು ನಾನೆಂಬ ನೆನಪು ಬಂದದ್ದೂ ಸುಳ್ಳಲ್ಲ. ಎರಡೂ ನಿಜವಾಗಿರುವುದು ಹೇಗೆ ಎಂದು ನನಗೆ ಈಗಲೂ ಬಗೆಹರಿಯದು.

“ಸುಮಾರು ಗೊತ್ತಿತ್ತು” ಎಂದೆ.

“ಸುಮಾರು ಬೇಡ ಸಾರ್.”

“ಗೊತ್ತಿತ್ತು ಅನಿತಾ” ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.